ಒಣಗದ ಎಣ್ಣೆ

ಕೃಷ್ಣಮೂರ್ತಿಪುರಂ, ಮೈಸೂರು
೧೨-೭-೧೯೫೬

ಶಿವರಾಂಪೇಟೆ ಬಾಣದ ಅಂಗಡಿಯ ಸದಾಶಿವಯ್ಯನವರಿಗೆ,

ಅಣ್ಣ ಎಂದು ಬರೆಯುವ ಅಭ್ಯಾಸ ತಪ್ಪಿ ನಾಲ್ಕು ವರ್ಷವಾಯಿತು. ಆದ್ದರಿಂದ ಅಂಗಡಿಯವರಿಗೆ ಗಿರಾಕಿ ಬರೆಯುವ ಹಾಗೆ ಬರೆಯುತ್ತಿದ್ದೇನೆ. ನನ್ನ ಕೋಣೆಯಿಂದ ನಿಮ್ಮ ಅಂಗಡಿಗೆ ನಡೆದರೆ ಅರ್ಧ ಗಂಟೆಯ ದಾರಿ. ಆದರೂ ಅಂಚೆಗೇ ಹಾಕುತ್ತೇನೆ.

ನಾನು ಡ್ರಿಲ್ ಟೀಚರಾಗಿರುವ ಶಾಲೆಯಿಂದ ಹೋದ ತಿಂಗಳು ಎರಡು ಡಜನ್ ಬಾಣಕ್ಕೆ ನಿಮಗೆ ಆರ್ಡರ್ ಬಂದಿತ್ತು. ಅದನ್ನು ಕಳಿಸಿದವರು ಹೆಡ್‌ಮಿಸ್ಟ್ರೆಸ್ ಭಾನುಮತಿಯವರು. ನನ್ನನ್ನು ಕೇಳಿದ್ದರೆ ಬೇಡ ಎನ್ನುತ್ತಿದ್ದೆ. ಕಳಿಸಿಯಾದ ಮೇಲೆ, "ನಿಮ್ಮ ತಂದೆ ಸಿದ್ದಮಲ್ಲಪ್ಪನವರ ಅಂಗಡಿ ಅಲ್ವೇನ್ರೀ? ಊಟಿ ದೊರೆಗಳೇ ಅಲ್ಲಿಂದ ತರಿಸ್ತಿದ್ರಂತೆ!" ಎಂದು ಸಂತೋಷದಿಂದ ಹೇಳಿದರು. ಅವರಿಗೆ ನಮ್ಮ ಮನೆಯ ಕಥೆ ಹೇಳುತ್ತಾ ಕೂರಲೇ?

ಕಳೆದ ಶನಿವಾರ ಬೆಳಗಿನ ತರಗತಿಯಲ್ಲಿ ಹುಡುಗಿಯರಿಗೆ ಬಿಲ್ಲು ಹಿಡಿಯುವುದನ್ನು ತೋರಿಸುತ್ತಿದ್ದೆ. ಮೂರನೆಯ ಬಾಣ ಹೂಡಿ, ಎಳೆದು, ಬಿಟ್ಟೆ. ಅದು ಗುರಿಯ ಕಡೆ ಹೋಗಲೇ ಇಲ್ಲ. ಬಿಲ್ಲಿನ ಹತ್ತಿರವೇ ಎರಡು ತುಂಡಾಗಿ, ಹಿಂದಿನ ತುಂಡು ನನ್ನ ಎಡಗೈ ಹೆಬ್ಬೆರಳಿನ ಬುಡದಲ್ಲಿ ಹೊಕ್ಕು ಮಣಿಕಟ್ಟಿನ ಹತ್ತಿರ ಹೊರಗೆ ಬಂತು. ನೋವು ಗೊತ್ತಾದದ್ದು ಆಮೇಲೆ. ಕೈಯಿಂದ ಒಂದು ಕೆಂಪು ಕಡ್ಡಿ ಎದ್ದು ನಿಂತಿತ್ತು. ಅದರಲ್ಲಿ ರಕ್ತ ಎಷ್ಟು, ಪೇಂಟು ಎಷ್ಟು ಎಂದು ತಿಳಿಯಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಎರಡು ಸಲ ಕೊಯ್ದು ಚೂರು ತೆಗೆದರು. ಹೆಬ್ಬೆರಳು ಮಡಿಸಲು ಬರುತ್ತಿಲ್ಲ. ಮುಂದೆ ಬರುತ್ತದೆಯೇ ಎಂದರೆ ಡಾಕ್ಟರು ಬೇರೆ ಮಾತಾಡುತ್ತಾರೆ.

ಬಾಣಕ್ಕೆ ಎನಾಮಲ್ ಪೇಂಟು ಯಾಕೆ ಬಳಿದಿರಿ? ಅಪ್ಪಾಜಿ ಇದ್ದಷ್ಟು ಕಾಲ ಪೇಂಟು ಹಚ್ಚಿದ ಒಂದೇ ಒಂದು ಕಡ್ಡಿ ನಮ್ಮ ಅಂಗಡಿಯ ಹೊಸಿಲು ದಾಟಿರಲಿಲ್ಲ. ಎಣ್ಣೆ, ಅರಗು, ಜೇನುಮೇಣ, ಅಷ್ಟೇ. ಮರದ ಎಳೆ ಕಾಣಬೇಕು, ಕೂದಲಷ್ಟು ಬಿರುಕಿದ್ದರೂ ಹಿಡಿದವನ ಕಣ್ಣಿಗೆ ಬೀಳಬೇಕು ಎಂದು ಅವರು ಹೇಳುತ್ತಿದ್ದುದನ್ನು ನೀವೂ ಕೇಳಿದ್ದೀರಿ. ಕೆಟ್ಟ ಕಡ್ಡಿಯನ್ನು ದಪ್ಪ ಬಣ್ಣದಲ್ಲಿ ಮುಚ್ಚಿ ಹೆಣ್ಣುಮಕ್ಕಳ ಶಾಲೆಗೆ ಕಳಿಸಿದ್ದೀರಿ. ನನ್ನ ಕೈಗೆ ಹೊಕ್ಕದ್ದು ಒಬ್ಬ ಹುಡುಗಿಯ ಕಣ್ಣಿಗೆ ಹೊಕ್ಕಿದ್ದರೆ?

ಶಾಲೆಯ ಕಮಿಟಿ ವಿಚಾರಣೆ ನಡೆಸಲಿದೆ. ತಪ್ಪು ನಿಮ್ಮದೆಂದು ನೀವೇ ಬರೆದುಕೊಡಿ. ಇಲ್ಲದಿದ್ದರೆ ನಾನು ಹೇಳುತ್ತೇನೆ.

ಎಸ್. ಶಾಂತಾದೇವಿ


ಶಿವರಾಂಪೇಟೆ
೧೬-೭-೧೯೫೬

ಶಾಂತಾ,

ಒಡಹುಟ್ಟಿದವನಿಗೆ ‘ಅಂಗಡಿಯವರಿಗೆ’ ಎಂದು ಬರೆದ ಕಾಗದವನ್ನು ಎರಡು ಸಲ ಓದಿದೆ. ಪೆಟ್ಟಾದ ಸುದ್ದಿ ನಿಮ್ಮ ಶಾಲೆಯ ಗುಮಾಸ್ತರಿಂದ ಸೋಮವಾರವೇ ತಿಳಿದಿತ್ತು. ನಿನ್ನ ಅತ್ತಿಗೆ ದಾಕ್ಷಾಯಣಿ ಆಸ್ಪತ್ರೆಗೆ ಬಂದಿದ್ದಳು. ಅವಳನ್ನು ಬಾಗಿಲಿನಿಂದಲೇ ವಾಪಸು ಕಳಿಸಿದೆಯಂತೆ. ಇರಲಿ.

ಪೇಂಟಿನ ವಿಷಯ. ‘ದಸರಾ ಹೊತ್ತಿಗೆ ಪ್ರದರ್ಶನವಿದೆ, ನೋಡಲು ಲಕ್ಷಣವಾಗಿರಬೇಕು’ ಎಂದು ನಿಮ್ಮ ಹೆಡ್‌ಮಿಸ್ಟ್ರೆಸ್ ಬರೆದಿದ್ದಾರೆ. ಆ ಕಾಗದ ನನ್ನ ಹತ್ತಿರ ಇದೆ. ಗಿರಾಕಿ ಕೇಳಿದ ಹಾಗೆ ಮಾಡಿಕೊಟ್ಟೆ. ಒಳಗೆ ಎಣ್ಣೆಯನ್ನೂ ಹಾಕಿದ್ದೇನೆ, ಅರಗನ್ನೂ ಹಾಕಿದ್ದೇನೆ. ಕಡ್ಡಿ ಹುಣಸೂರು ಕಡೆಯ ತಡಸಲು, ಅಪ್ಪಾಜಿ ತರಿಸುತ್ತಿದ್ದ ಮರವೇ. ಮರದಲ್ಲಿ ಯಾವ ದೋಷವೂ ಇರಲಿಲ್ಲ.

ಈಗ ನಾನು ಕೇಳುತ್ತೇನೆ. ಬಾಣವನ್ನು ಬಿಲ್ಲಿಗೆ ಹೂಡುವ ಮೊದಲು ಎರಡು ತುದಿ ಹಿಡಿದು ಬಾಗಿಸಬೇಕು, ಕಿವಿಯ ಹತ್ತಿರ ತರಬೇಕು. ಒಳಗೆ ಬಿರುಕಿದ್ದರೆ ಚಿಟಿಕೆ ಹೊಡೆದ ಹಾಗೆ ಸದ್ದಾಗುತ್ತದೆ. ಪೇಂಟು ಕಣ್ಣಿಗೆ ಮರೆಯಾಗಬಹುದು, ಕಿವಿಗೆ ಆಗುವುದಿಲ್ಲ. ನೀನು ಎಂಟು ವರ್ಷದವಳಿದ್ದಾಗ ಅಪ್ಪಾಜಿ ತೊಡೆಯ ಮೇಲೆ ಕೂರಿಸಿಕೊಂಡು ಇದನ್ನು ಹೇಳಿಕೊಟ್ಟರು. ನಾನು ಪಕ್ಕದಲ್ಲೇ ಇದ್ದೆ. ಮದರಾಸಿಗೆ ಹೋಗಿ ಡ್ರಿಲ್ ಕಲಿತು ಬಂದವಳಿಗೆ ಅದು ಮರೆತುಹೋಯಿತೇ? ಬಾಗಿಸಿ ನೋಡಿದೆಯೋ ಇಲ್ಲವೋ, ಒಂದೇ ಮಾತಿನಲ್ಲಿ ಬರೆ.

ಹಾಸಿಗೆ ಹಿಡಿದ ತಂದೆಯನ್ನು ಬಿಟ್ಟು ಹೋದವಳು ಅವರ ಮಾತನ್ನು ನನಗೆ ಜ್ಞಾಪಿಸಬೇಕಾಗಿಲ್ಲ.

ಮುರಿದ ತುಂಡುಗಳನ್ನು ಕಳಿಸಿಕೊಡು. ನೋಡಿ ಹೇಳುತ್ತೇನೆ.

ಸದಾಶಿವಯ್ಯ


ಕೃಷ್ಣಮೂರ್ತಿಪುರಂ
೨೫-೭-೧೯೫೬

ಸದಾಶಿವಯ್ಯನವರಿಗೆ,

ಒಂದೇ ಮಾತು: ನೋಡಿದೆ. ಇಪ್ಪತ್ತನಾಲ್ಕನ್ನೂ ಬಾಗಿಸಿ ಕಿವಿಗೆ ಹಿಡಿದು ನೋಡಿದೆ.

ತುಂಡುಗಳು ಕಮಿಟಿಯ ಬೀರುವಿನಲ್ಲಿವೆ. ನನ್ನ ಹತ್ತಿರ ಇದ್ದಿದ್ದರೂ ಕಳಿಸುತ್ತಿರಲಿಲ್ಲ.

ತಂದೆಯನ್ನು ಬಿಟ್ಟು ಹೋದ ಮಾತು ತೆಗೆದಿದ್ದೀರಿ, ಆದ್ದರಿಂದ ಬರೆಯುತ್ತೇನೆ. ಹನ್ನೆರಡನೆಯ ವಯಸ್ಸಿನಿಂದ ಇಪ್ಪತ್ತಮೂರರವರೆಗೆ ನಾನು ಆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಕೆಲಸ ಮಾಡಿದೆ. ಮರ ಸೀಳುವುದು, ಕಡ್ಡಿ ಹೆರೆಯುವುದು, ಗರಿ ಕಟ್ಟುವುದು ನಿಮ್ಮದು. ಎಣ್ಣೆ ಅರಗಿನ ಕೆಲಸ ನನ್ನದು. ಅಪ್ಪಾಜಿಗೆ ಲಕ್ವ ಹೊಡೆದು ಹದಿನೈದು ದಿನವೂ ಆಗಿರಲಿಲ್ಲ, ಒಂದು ಬೆಳಿಗ್ಗೆ ಹೋದರೆ ಕೋಣೆಗೆ ಬೀಗ. "ಮದುವೆ ಆಗ್ದೆ ಇರೋ ಹುಡುಗಿ ಅಂಗಡೀಲಿ ಕೂತ್ರೆ ನಾಕು ಜನ ಏನಂತಾರೆ? ಒಳಗೆ ಹೋಗಿ ಅಪ್ಪನ್ನ ನೋಡ್ಕೊ" ಎಂದಿರಿ. ಅಪ್ಪಾಜಿ ಗೋಡೆಯ ಆಚೆಗೇ ಮಲಗಿದ್ದರು. ಅವರಿಗೆ ಕೇಳಿಸಿತು. ಬಾಯಿ ಬರುತ್ತಿರಲಿಲ್ಲ.

ನಾನು ಹೋದೆ. ಅವರು ತೀರಿಕೊಂಡಾಗ ನೀವು ತಂತಿ ಕೊಡಲಿಲ್ಲ, ಕಾರ್ಡು ಬರೆದಿರಿ. ಅದು ಮದರಾಸಿಗೆ ಬಂದು ನನ್ನ ಕೈ ಸೇರಿದಾಗ ಮಣ್ಣು ಮಾಡಿ ನಾಲ್ಕು ದಿನವಾಗಿತ್ತು. ಮೊದಲ ಸಾಲಿನಲ್ಲಿ ಅಪ್ಪಾಜಿ ಹೋದರು ಎಂದಿತ್ತು. ಎರಡನೆಯ ಸಾಲಿನಲ್ಲಿ ಅರಗಿನ ಡಬ್ಬಿ ಎಲ್ಲಿಟ್ಟಿದ್ದೀಯ ಎಂದು ಕೇಳಿದ್ದಿರಿ.

ಎಸ್. ಶಾಂತಾದೇವಿ


ಶಿವರಾಂಪೇಟೆ
೨-೮-೧೯೫೬

ಶಾಂತಾ,

ನೀನು ಸುಳ್ಳು ಹೇಳುತ್ತಿದ್ದೀಯ. ಆ ಬಾಣವನ್ನು ಬಾಗಿಸಿದ್ದರೆ ಅದು ಸದ್ದು ಮಾಡದೆ ಇರುತ್ತಿರಲಿಲ್ಲ. ಕಮಿಟಿ ನನಗೂ ನೋಟೀಸು ಕಳಿಸಿದೆ. ಅಲ್ಲಿ ಹೇಳುವುದನ್ನು ಹೇಳುತ್ತೇನೆ. ಇನ್ನು ಕಾಗದ ಬೇಡ.

ಸದಾಶಿವಯ್ಯ


ಕೃಷ್ಣಮೂರ್ತಿಪುರಂ
೪-೮-೧೯೫೬

ಮರದಲ್ಲಿ ದೋಷವೇ ಇರಲಿಲ್ಲ ಎಂದು ಬರೆದಿದ್ದಿರಿ. ದೋಷವಿಲ್ಲದ ಮರ ಸದ್ದು ಮಾಡುತ್ತಿತ್ತು ಎಂದು ನಿಮಗೆ ಹೇಗೆ ಗೊತ್ತಾಯಿತು? ನಿಮ್ಮ ಎರಡು ಕಾಗದವನ್ನೂ ಜೋಪಾನವಾಗಿ ಇಟ್ಟಿದ್ದೇನೆ.

ಎಸ್. ಶಾಂತಾದೇವಿ


ಶಿವರಾಂಪೇಟೆ
೨೨-೮-೧೯೫೬

ಶಾಂತಮ್ಮನಿಗೆ ನಿನ್ನ ಅತ್ತಿಗೆ ದಾಕ್ಷಾಯಣಿ ಬರೆಯುವುದು.

ನನ್ನ ಅಕ್ಷರ ಚೆನ್ನಾಗಿಲ್ಲ, ತಪ್ಪಿದ್ದರೆ ತಿದ್ದಿಕೊಂಡು ಓದು. ನಾನು ಬರೆಯುತ್ತಿರುವುದು ನಿಮ್ಮಣ್ಣನಿಗೆ ಗೊತ್ತಿಲ್ಲ. ಅವರು ಸ್ನಾನಕ್ಕೆ ಹೋದಾಗ ಒಂದಿಷ್ಟು, ಮಂಡಿಗೆ ಹೋದಾಗ ಒಂದಿಷ್ಟು ಬರೆದು ಅಕ್ಕಿ ಡಬ್ಬದಲ್ಲಿ ಇಡುತ್ತಿದ್ದೇನೆ. ಆಸ್ಪತ್ರೆಯಲ್ಲಿ ನೀನು ಮುಖ ತಿರುಗಿಸಿದೆ. ನನಗೆ ಬೇಜಾರಿಲ್ಲ ಅಂದರೆ ಸುಳ್ಳಾಗುತ್ತದೆ.

ನೀನು ಹೋದ ಮೇಲೆ ಈ ಮನೇಲಿ ಎಣ್ಣೆ ಒಣಗಿಲ್ಲ ಕಣಮ್ಮ.

ಅವರು ಹಚ್ಚುತ್ತಾರೆ, ನೇತುಹಾಕುತ್ತಾರೆ. ಹತ್ತು ದಿನ ಬಿಟ್ಟು ಮುಟ್ಟಿದರೂ ಕೈಗೆ ಅಂಟು ಅಂಟು. ಧೂಳು ಕೂರುತ್ತದೆ, ನೊಣ ಕೂರುತ್ತದೆ. ಉಪ್ಪುಕಾಗದ ಹಾಕಿ ತಿಕ್ಕಿ ತೆಗೆಯುತ್ತಾರೆ, ಮತ್ತೆ ಹಚ್ಚುತ್ತಾರೆ. ಅಗಸೆ ಎಣ್ಣೆ ಆಯಿತು, ಹುಚ್ಚೆಳ್ಳೆಣ್ಣೆ ಆಯಿತು, ಎರಡೂ ಬೆರೆಸಿ ಕುದಿಸಿದ್ದೂ ಆಯಿತು. ಒಲೆ ಮೇಲೆ ಕಟ್ಟಿದ್ದಾಯಿತು. ಹೋದ ವರ್ಷ ಊಟಿ ಕ್ಲಬ್ಬಿಗೆ ಮೂರು ಡಜನ್ ಕಳಿಸಿದ್ದರು. ಪೆಟ್ಟಿಗೆ ಹಾಗೇ ವಾಪಸು ಬಂತು. ತೆಗೆದರೆ ಅಷ್ಟೂ ಬಾಣ ಒಂದಕ್ಕೊಂದು ಅಂಟಿಕೊಂಡು ಸೌದೆ ಹೊರೆ ಹಾಗೆ ಆಗಿತ್ತು. ಅವತ್ತು ಊಟ ಮಾಡಲಿಲ್ಲ.

ನಾನು ಅಂದೆ, "ಶಾಂತಮ್ಮನ್ನ ಒಂದು ಮಾತು ಕೇಳ್ರೀ. ಮಾವನೋರು ಅವಳಿಗೆ ತಾನೆ ಕಲಿಸಿದ್ದು." "ಅವಳ್ನ ಕೇಳೋದಕ್ಕಿಂತ ಅಂಗಡಿ ಮುಚ್ಚಿಬುಡ್ತೀನಿ" ಅಂದರು. ನಿಮ್ಮ ಶಾಲೆ ಆರ್ಡರ್ ಬಂದಾಗ ಡಬ್ಬದಲ್ಲಿ ಪೇಂಟು ತಂದರು. "ಇದಾದ್ರೆ ಒಂದೇ ದಿನಕ್ಕೆ ಒಣಗತ್ತೆ ಕಣೇ" ಅಂದರು. ಅವರ ಮುಖ ನೋಡಿ ನನಗೇ ಪಾಪ ಅನ್ನಿಸಿತು.

ಇನ್ನೊಂದು ಇದೆ. ಹೇಳದೆ ಇರಲಾರೆ. ಎರಡು ಕಡ್ಡಿಯಲ್ಲಿ ಸಣ್ಣ ಬಿರುಕು ನಾನೇ ಕಂಡೆ. ತೋರಿಸಿದೆ. "ಬಣ್ಣ ತುಂಬ್ಕೊಳ್ಳತ್ತೆ ಬಿಡು" ಅಂದರು. ಒಂದು ನಿನ್ನ ಕೈಗೆ ಬಂತೋ ಏನೋ. ಆವತ್ತಿನಿಂದ ನನಗೆ ಅನ್ನ ಇಳಿಯುತ್ತಿಲ್ಲ.

ಈ ಕಾಗದ ಕಮಿಟಿಯವರಿಗೆ ತೋರಿಸಬೇಡ ಅಂತ ಕೇಳಿಕೊಳ್ಳೋಕೆ ನನಗೆ ಮುಖ ಇಲ್ಲ. ಆದರೂ ಕೇಳಿಕೊಳ್ಳುತ್ತೇನೆ. ಆ ಎಣ್ಣೆಗೆ ನೀನು ಏನು ಮಾಡುತ್ತಿದ್ದೆ, ಅದನ್ನಾದರೂ ಬರೆ.

ದಾಕ್ಷಾಯಣಿ


ಕೃಷ್ಣಮೂರ್ತಿಪುರಂ
೨೭-೮-೧೯೫೬

ಅತ್ತಿಗೆ,

ನಿಮ್ಮ ಕಾಗದ ತಲುಪಿತು. ಎಣ್ಣೆಯ ವಿಷಯ ಬೇಕಾದವರು ಬಾಯಿ ಬಿಟ್ಟು ಕೇಳಲಿ. ಉಳಿದದ್ದಕ್ಕೆ ಮಾತು ಕೊಡಲಾರೆ. ಆಸ್ಪತ್ರೆಯಲ್ಲಿ ನಿಮ್ಮ ಮೇಲೆ ಸಿಟ್ಟಿರಲಿಲ್ಲ, ನಿಮ್ಮ ಹಿಂದೆ ಅವರೂ ಬಂದಿದ್ದಾರೇನೋ ಎಂದುಕೊಂಡೆ.

ಶಾಂತಾ


ಕೃಷ್ಣಮೂರ್ತಿಪುರಂ
೨೦-೯-೧೯೫೬

ಅಣ್ಣ,

ವಿಚಾರಣೆ ಮುಗಿದು ಐದು ದಿನವಾಯಿತು. ಅಲ್ಲಿ ನಡೆದದ್ದನ್ನು ನಿನ್ನ ಮುಖಕ್ಕೆ ಹಿಡಿಯಲೇಬೇಕೆಂದು ಬರೆಯುತ್ತಿದ್ದೇನೆ.

ಅವತ್ತು ನನ್ನ ಚೀಲದಲ್ಲಿ ನಿನ್ನ ವಿರುದ್ಧ ಒಂದು ಕಾಗದವಿತ್ತು. ಯಾರದೆಂದು ಕೇಳಬೇಡ, ಈಗ ಅದನ್ನು ಸುಟ್ಟಿದ್ದೇನೆ. ನೀನು ಸುಳ್ಳು ಹೇಳಿದ ತಕ್ಷಣ ತೆಗೆದು ಮೇಜಿನ ಮೇಲೆ ಇಡಬೇಕೆಂದೇ ಬಂದಿದ್ದೆ. ಮೊದಲು ನನ್ನನ್ನು ಕರೆದರು. ಇಪ್ಪತ್ತನಾಲ್ಕು ಬಾಣವನ್ನೂ ಪರೀಕ್ಷೆ ಮಾಡಿದ್ದೆ ಎಂದೆ. ನಂತರ ನಿನ್ನನ್ನು ಕರೆದರು. ನೀನು ಕೋಟು ಹಾಕಿಕೊಂಡು ಬಂದಿದ್ದೆ. ಅಪ್ಪಾಜಿಯ ಕೋಟು. ತೋಳು ಗಿಡ್ಡವಾಗಿತ್ತು.

ಅಧ್ಯಕ್ಷರು ಕೇಳಿದರು: "ಆರ್ಡರಿನಲ್ಲಿ ಬಣ್ಣ ಹಚ್ಚಿ ಅಂತ ಬರೆದಿದ್ರೇನ್ರೀ?"

"ಇಲ್ಲ ಸ್ವಾಮಿ. ಲಕ್ಷಣವಾಗಿರಲಿ ಅಂದಿದ್ರು. ಬಣ್ಣ ನನ್ನ ಯೋಚನೆ."

"ಮರ ಚೆನ್ನಾಗಿತ್ತೆ?"

"ಎರಡು ಕಡ್ಡೀಲಿ ಬಿರುಕಿತ್ತು. ನಾನು ನೋಡಿದ್ದೆ. ನೋಡಿಯೇ ಮೇಲೆ ಬಣ್ಣ ಹೊಡೆದೆ."

ಭಾನುಮತಿಯವರು ಬರೆಯುವುದನ್ನು ನಿಲ್ಲಿಸಿದರು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡು, "ಟೀಚರು ಬಾಗಿಸಿ ನೋಡಿದ್ರೆ ಗೊತ್ತಾಗ್ತಿತ್ತಲ್ಲ?" ಎಂದರು.

ನೀನು ನನ್ನ ಕಡೆ ತಿರುಗಿದೆ. ನಾಲ್ಕು ವರ್ಷದ ಮೇಲೆ ನೀನು ನನ್ನನ್ನು ನೇರವಾಗಿ ನೋಡಿದ್ದು ಅದೇ ಮೊದಲು. ಹೌದು ಎಂದು ಒಂದು ಮಾತು ಹೇಳಿದ್ದರೆ ನನ್ನ ಕೆಲಸ ಅಲ್ಲೇ ಮುಗಿಯುತ್ತಿತ್ತು.

"ನೋಡಿದೀನಿ ಅಂತ ಅವಳು ಹೇಳಿದಾಳಲ್ಲ ಸ್ವಾಮಿ. ಅವಳು ಕೆಲಸದಲ್ಲಿ ಮೈಗಳ್ಳತನ ಮಾಡೋಳಲ್ಲ."

ನಾನು ಸುಳ್ಳು ಹೇಳಿದ್ದೆಂದು ನಿನಗೆ ಗೊತ್ತಿತ್ತು. ಆಗಸ್ಟಿನಲ್ಲೇ ನೀನು ಹಾಗೆ ಬರೆದಿದ್ದೆ. ಗೊತ್ತಿದ್ದೂ ನಾಲ್ಕು ಜನರ ಮುಂದೆ ದೊಡ್ಡ ಮನಸ್ಸು ತೋರಿಸಿದೆ. ಆ ದಯೆಯನ್ನು ನಿನ್ನ ಹತ್ತಿರ ಯಾರು ಕೇಳಿದ್ದರು? ಆ ಕೋಣೆಯಿಂದ ನೀನು ನಿಜ ಹೇಳಿದವನಾಗಿ ಎದ್ದು ಹೋದೆ, ನಾನು ಬ್ಯಾಂಡೇಜು ಕಟ್ಟಿಕೊಂಡು ಸುಳ್ಳಿನ ಮೇಲೆ ಕೂತಿದ್ದೆ. ಕೈ ಚುಚ್ಚಿದಾಗ ನಿನ್ನ ಮೇಲೆ ಇಷ್ಟು ಸಿಟ್ಟು ಬಂದಿರಲಿಲ್ಲ.

ಮಾರನೆಯ ದಿನ ಕಮಿಟಿಗೆ ಬರೆದುಕೊಟ್ಟೆ. ನಡೆದದ್ದು ಇಷ್ಟು. ಬಾಣ ಎರಡು ಕಟ್ಟಾಗಿ ಬಂದಿತ್ತು. ಮೊದಲ ಕಟ್ಟಿನ ಹನ್ನೆರಡನ್ನೂ ಬಾಗಿಸಿ ಕೇಳಿ ಹುಡುಗಿಯರಿಗೆ ಹಂಚಿದೆ. ಅಷ್ಟರಲ್ಲಿ ತುಂತುರು ಶುರುವಾಯಿತು, ಮಕ್ಕಳು ನೆನೆಯುತ್ತಿದ್ದರು. ಬೇಗ ತೋರಿಸಿ ಒಳಗೆ ಕಳಿಸೋಣವೆಂದು ಎರಡನೆಯ ಕಟ್ಟಿನಿಂದ ಮೂರು ಬಾಣವನ್ನು ಹಾಗೇ ಎಳೆದುಕೊಂಡೆ. ಮೂರನೆಯದು ನಿನ್ನ ಬಿರುಕಿನ ಬಾಣ.

ಇವತ್ತು ಆರ್ಡರು ಬಂತು. ನನ್ನನ್ನು ಕೆಲಸದಿಂದ ತೆಗೆದಿದ್ದಾರೆ. ಉಳಿದ ಬಾಣಗಳನ್ನು ಜವಾನ ಚಿಕ್ಕಯ್ಯ ಶಾಲೆಯ ಹಿತ್ತಲಲ್ಲಿ ಸುಟ್ಟ. ಪೇಂಟು ಕರಕಲಾಗಿ ನಾರಿತು.

ಶಾಂತಾ


ಶಿವರಾಂಪೇಟೆ
೧೧-೧೧-೧೯೫೬

ಶಾಂತಾ,

ಉತ್ತರ ಬರೆಯಬಾರದೆಂದೇ ಇದ್ದೆ. ಎರಡು ತಿಂಗಳು ಬರೆಯಲಿಲ್ಲ.

ನಿನ್ನ ಮೇಲೆ ದಯೆ ತೋರಿಸಲಿಲ್ಲ. ನಿನ್ನ ಕೈಯ ಬ್ಯಾಂಡೇಜು ನೋಡಿದೆ, ಬಾಯಿಗೆ ಆ ಮಾತು ಬಂತು. ಅದನ್ನೂ ತಪ್ಪೆಂದು ಹಿಡಿದರೆ ನಾನೇನು ಮಾಡಲಿ.

ಕಾರ್ಡಿನ ವಿಷಯ. ಅವತ್ತು ತಂತಿ ಆಫೀಸಿಗೆ ಹೋಗಿದ್ದೆ. ಫಾರಂ ತೆಗೆದುಕೊಂಡು ನಿಂತೆ. ಏನು ಬರೆದರೂ ನೀನು ಬಂದು ನನ್ನ ಮುಖಕ್ಕೆ ಕೇಳುವುದೇ ಕಣ್ಣ ಮುಂದೆ ಬಂತು. ವಾಪಸು ಬಂದುಬಿಟ್ಟೆ. ಹೆದರಿ ಬಂದೆ. ನಂಬಿದರೆ ನಂಬು.

ಕೆಲಸ ಹೋಯಿತೆಂದು ಕೇಳಿದೆ. ಅಂಗಡಿಗೆ ಬಾ. ಹಿಂದಿನ ಕೋಣೆಯನ್ನು ನಿನ್ನ ಅತ್ತಿಗೆ ಗುಡಿಸಿ ಇಟ್ಟಿದ್ದಾಳೆ. ಮುಂದೆ ಗಿರಾಕಿಗಳ ಎದುರು ಕೂರುವುದು ಬೇಡ, ಮೊದಲಿನ ಹಾಗೆ ಹಿಂದೆ ಕೂತು ಎಣ್ಣೆ ಅರಗು ನೋಡಿಕೋ. ನನಗೆ ಅದು ಬರುವುದಿಲ್ಲ. ಈ ಒಂದು ಸಾಲು ಬರೆಯಲು ನನಗೆ ನಾಲ್ಕು ವರ್ಷ ಹಿಡಿಯಿತು, ಅದನ್ನಾದರೂ ತಿಳಿದುಕೋ.

ಸದಾಶಿವಯ್ಯ


ಕೃಷ್ಣಮೂರ್ತಿಪುರಂ
೧೨-೩-೧೯೫೭

ಅಣ್ಣ,

ಬರುವುದಿಲ್ಲ. ಹಿಂದಿನ ಕೋಣೆಯಲ್ಲಿ ಹನ್ನೊಂದು ವರ್ಷ ಕೂತಿದ್ದೇನೆ, ಸಾಕು.

ನಾನು ಬಾಡಿಗೆಗಿರುವ ರಮಾಮಣಿಯವರ ಮನೆಯ ಜಗುಲಿಯಲ್ಲಿ, ಬೀದಿಗೆ ಮುಖ ಮಾಡಿ, ಬಾಣದ ಕೆಲಸ ಶುರುಮಾಡಿದ್ದೇನೆ. ಹುಣಸೂರಿನ ಒಬ್ಬ ಬಡಗಿ ಕಡ್ಡಿ ಹೆರೆದು ಕಳಿಸುತ್ತಾನೆ. ನಿನ್ನಷ್ಟು ನೇರ ಹೆರೆಯುವುದಿಲ್ಲ, ಕಲಿಯುತ್ತಾನೆ. ಎಡಗೈ ಹೆಬ್ಬೆರಳು ಮಡಿಸಲು ಇನ್ನೂ ಬರುವುದಿಲ್ಲ, ಬರುವುದೂ ಇಲ್ಲವಂತೆ. ಕಡ್ಡಿಯನ್ನು ಕಂಕುಳಲ್ಲಿ ಅವಚಿ ಬಲಗೈಯಲ್ಲಿ ತಿಕ್ಕುತ್ತೇನೆ. ಊಟಿ ಕ್ಲಬ್ಬಿಗೆ ಬರೆದೆ, ಮಾದರಿ ಕೇಳಿದ್ದಾರೆ. ಅವರು ನಿನ್ನ ಗಿರಾಕಿಗಳೆಂದು ಗೊತ್ತಿದ್ದೇ ಬರೆದೆ. ಬೇರೆಯವರಿಂದ ತಿಳಿಯುವ ಮೊದಲು ನಾನೇ ಹೇಳುತ್ತಿದ್ದೇನೆ.

ಆದರೆ ನೀನು ಕೇಳಿದ್ದೀಯ. ಎಣ್ಣೆ ಅರಗಿನ ಕೆಲಸ ನಿನಗೆ ಬರುವುದಿಲ್ಲ ಎಂದು ಬರೆದಿದ್ದೀಯ. ಆದ್ದರಿಂದ ಅದನ್ನು ಬರೆಯುತ್ತೇನೆ. ಇದು ನಿನಗಾಗಿ ಅಲ್ಲ. ನಿನ್ನ ಬಾಣ ನಾಳೆ ಯಾರ ಕೈಗೆ ಹೋಗುತ್ತದೋ ಅವರಿಗಾಗಿ.

ಅಗಸೆ ಎಣ್ಣೆಯೇ ಬೇಕು, ಹುಚ್ಚೆಳ್ಳು ಸೇರಿಸಬೇಡ. ಮಂಡಿಯಲ್ಲಿ ಬೆರಕೆ ಮಾಡುತ್ತಾರೆ, ಗಾಣದಲ್ಲಿ ಎದುರಿಗೆ ನಿಂತು ತೆಗೆಸಿಕೋ. ಅದನ್ನು ಹಸಿಯಾಗಿ ಹಚ್ಚಿದರೆ ತಿಂಗಳಾದರೂ ಅಂಟು ಹೋಗುವುದಿಲ್ಲ. ಅಗಲವಾದ ಹಿತ್ತಾಳೆ ತಟ್ಟೆಯಲ್ಲಿ ಬೆರಳು ದಪ್ಪ ಹೊಯ್ದು, ಮೇಲೆ ಗಾಜು ಮುಚ್ಚಿ, ಗಾಳಿ ಆಡುವ ಹಾಗೆ ಗಾಜಿನ ಕೆಳಗೆ ನಾಲ್ಕು ಕಲ್ಲು ಇಟ್ಟು, ಮಹಡಿಯ ಬಿಸಿಲಿಗೆ ಇಡು. ದಿನಾ ಒಂದು ಸಲ ಕಲಕು. ಶಿವರಾತ್ರಿ ಮುಗಿದಿದೆ, ಈಗ ಇಟ್ಟರೆ ಆರೇಳು ವಾರಕ್ಕೆ ಜೇನಿನ ಹಾಗೆ ಗಟ್ಟಿಯಾಗುತ್ತದೆ. ಬೇಸಿಗೆಯೆಲ್ಲ ನಾನು ಮಹಡಿಯ ಮೇಲೆ ಸಂಡಿಗೆ ಕಾಯುತ್ತಿದ್ದೇನೆಂದು ನೀನು ತಿಳಿದಿದ್ದೆ. ಸಂಡಿಗೆಯ ಪಕ್ಕದ ತಟ್ಟೆಯಲ್ಲಿ ಏನಿದೆ ಎಂದು ಹನ್ನೊಂದು ವರ್ಷದಲ್ಲಿ ಒಂದು ದಿನವೂ ಕೇಳಲಿಲ್ಲ.

ಹಚ್ಚುವಾಗ ಅದಕ್ಕೆ ಸಮಪಾಲು ಟರ್ಪೆಂಟೈನ್ ಬೆರೆಸು. ಕಡ್ಡಿಯನ್ನು ಕೆಂಡದ ಮೇಲೆ ಬೆಚ್ಚಗೆ ಮಾಡು, ಬೆಚ್ಚಗೆ ಮಾತ್ರ, ಆಮೇಲೆ ಕೆಂಡ ದೂರ ಸರಿಸಿ ಬಟ್ಟೆಯಲ್ಲಿ ಎಣ್ಣೆ ತಿಕ್ಕು. ಕಾಲು ಗಂಟೆ ಬಿಟ್ಟು ಮೇಲೆ ಉಳಿದದ್ದನ್ನು ಪೂರ್ತಿ ಒರೆಸಿಬಿಡು. ಮರ ಕುಡಿದದ್ದು ಒಣಗುತ್ತದೆ, ಮೇಲೆ ನಿಂತದ್ದು ಒಣಗುವುದಿಲ್ಲ. ನೀನು ಧಾರಾಳವಾಗಿ ಬಳಿಯುತ್ತಿದ್ದೆ ಎಂದು ನೋಡದೆಯೇ ಹೇಳಬಲ್ಲೆ. ನಾಲ್ಕು ದಿನ ನೆರಳಲ್ಲಿ ನೇತುಹಾಕು. ಹೀಗೆ ಮೂರು ಸಲ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡ, ತಾನಾಗಿಯೇ ಹೊತ್ತಿಕೊಳ್ಳುತ್ತದೆ. ನೀರಿಗೆ ಹಾಕು. ಮನೆಯಲ್ಲಿ ಅತ್ತಿಗೆ ಇದ್ದಾರೆ.

ಉಗುರಿನಲ್ಲಿ ಗೀರಿದರೆ ಗುರುತು ಬೀಳದ ಹಾಗೆ ಆದ ಮೇಲೆ ಅರಗು. ಸ್ಪಿರಿಟ್ಟಿನಲ್ಲಿ ನೀರಾಗಿ ಕರಗಿಸಿ, ತೆಳ್ಳಗೆ ಎರಡು ಕೈ, ನಡುವೆ ಒಂದು ದಿನ. ಕೊನೆಗೆ ಜೇನುಮೇಣ ಸವರಿ ಉಣ್ಣೆ ಬಟ್ಟೆಯಲ್ಲಿ ತಿಕ್ಕು. ಮರ ಆಗಲೂ ಮರದ ಹಾಗೆ ಕಾಣಬೇಕು. ಹತ್ತಿಯ ಉಂಡೆಯನ್ನು ಕಡ್ಡಿಯ ಉದ್ದಕ್ಕೂ ಎಳೆ. ಎಲ್ಲಿಯಾದರೂ ಒಂದು ಎಳೆ ಸಿಕ್ಕಿಕೊಂಡರೆ ಆ ಬಾಣವನ್ನು ಅಲ್ಲೇ ಮುರಿದು ಒಲೆಗೆ ಹಾಕು.

ಇಷ್ಟೇ. ಅಪ್ಪಾಜಿ ನನಗೆ ಹೇಳಿಕೊಟ್ಟದ್ದರಲ್ಲಿ ಏನೂ ಮುಚ್ಚಿಟ್ಟಿಲ್ಲ.

ಹೀಗೆ ಮಾಡಿಯೂ ಒಣಗದಿದ್ದರೆ ಕಾಗದ ಬರೆ. ಉತ್ತರ ಕೊಡುತ್ತೇನೆ. ಮನೆಗೆ ಬರಬೇಡ.

ಶಾಂತಾ